ರಕ್ತ ಅಳೆಯುವ ಹಾಳೆ

ಹೆರಿಗೆ ಕೋಣೆಯಲ್ಲಿ ಮಗು ಅತ್ತ ಕೂಡಲೇ ಎಲ್ಲರ ಗಮನ ಅತ್ತ ಹೊರಳುತ್ತದೆ. ಗಂಡೋ ಹೆಣ್ಣೋ ನೋಡುತ್ತಾರೆ. ಹುಟ್ಟಿದ ಗಂಟೆ, ನಿಮಿಷ ಬರೆದುಕೊಳ್ಳುತ್ತಾರೆ. ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಎರಡು ಕಿಲೋ ಒಂಬೈನೂರು ಗ್ರಾಂ, ಮೂರು ಕಿಲೋ ನೂರು ಗ್ರಾಂ, ಹೀಗೆ ಲೆಕ್ಕ ಸಿಗುತ್ತದೆ.

ಅದೇ ಹೊತ್ತಿನಲ್ಲಿ ತಾಯಿಯ ಮೈಯಿಂದ ರಕ್ತ ಹೋಗುತ್ತಿರುತ್ತದೆ. ಅದರ ಲೆಕ್ಕ ಕೇಳಿ ನೋಡಿ. ಬಾಗಿಲ ಸಂದಿಯಿಂದ ಅತ್ತೆ ಇಣುಕುತ್ತಾಳೆ. 'ಬಾಳ ಹೋಗೇತೇನ್ರಿ ಸಿಸ್ಟರ್?' ಎನ್ನುತ್ತಾಳೆ. 'ಇಲ್ಲಬೇ, ಅಷ್ಟ ಹೋಗತೈತಿ' ಎಂಬ ಉತ್ತರ ಬರುತ್ತದೆ. ಅಷ್ಟು ಎಂದರೆ ಎಷ್ಟು? ಒಂದು ಲೋಟವೇ, ಒಂದು ಚೊಂಬೇ? ಕೇಸ್ ಶೀಟಿನಲ್ಲಿ ಆ ಜಾಗದಲ್ಲಿ ಬಹಳ ಸಲ ಒಂದೇ ಮಾತಿರುತ್ತದೆ: 'ರಕ್ತಸ್ರಾವ ಸಾಮಾನ್ಯ.'

ಈ ಮಾತನ್ನು ನರ್ಸ್‌ಗಳನ್ನು ದೂರಲು ಹೇಳುತ್ತಿಲ್ಲ. ನಾನೂ ಶುಶ್ರೂಷೆಯ ಪಾಠ ಹೇಳುತ್ತಾ ಬಂದವಳೇ. ಅಳೆಯಲು ಅವರ ಕೈಗೆ ಏನನ್ನೂ ಕೊಟ್ಟಿರಲಿಲ್ಲ, ಅದನ್ನು ಹೇಳುತ್ತಿದ್ದೇನೆ. ನಮ್ಮ ಹಳ್ಳಿಯ ಡೇರಿಯಲ್ಲಿ ಯಾರೂ ಹಾಲನ್ನು ಕಣ್ಣಂದಾಜಿನಲ್ಲಿ ತೆಗೆದುಕೊಳ್ಳುವುದಿಲ್ಲ. ಲೀಟರು, ಡಿಗ್ರಿ, ಫ್ಯಾಟು, ಎಲ್ಲದಕ್ಕೂ ಅಳತೆಯಿದೆ. ಬಾಣಂತಿಯ ರಕ್ತಕ್ಕೆ ಮಾತ್ರ ಬಹುಕಾಲ ಅಂದಾಜೇ ಗತಿಯಾಗಿತ್ತು.

ಇವತ್ತು ನಾನು ಹೇಳಹೊರಟಿರುವುದು ಆ ಅಳತೆಯ ಕಥೆ. ಒಂದು ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಕೆಲವು ಗೆರೆಗಳು. ಹಾಳೆ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಕೆಲಸಕ್ಕೆ ಬಿತ್ತು. ಅದರ ಜಾತಿಯದೇ ಇನ್ನೊಂದು ಹಾಳೆ ಇಪ್ಪತ್ತು ವರ್ಷದ ಮೇಲೆ ಆಫ್ರಿಕದಲ್ಲಿ ಎಷ್ಟೋ ತಾಯಂದಿರನ್ನು ಅಪಾಯದಿಂದ ದೂರ ಇಟ್ಟಿತು. ನಡುವೆ ಯುರೋಪಿನಲ್ಲಿ ಇಂಥದೇ ಚೀಲ ಸೋತಿತು. ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಸೋತದ್ದೇಕೆ ಎಂದು ನೋಡಿದರೆ, ಆಸ್ಪತ್ರೆ ನಡೆಸುವವರು ಏನು ಮಾಡಬೇಕು, ಕಾಲೇಜಿನವರು ಏನು ಮಾಡಬೇಕು ಎಂಬುದು ತಾನಾಗಿ ಕಾಣುತ್ತದೆ.

ಮೊದಲು ರಕ್ತಸ್ರಾವದ ವಿಷಯ. ಹೆರಿಗೆಯಾದ ಮೇಲೆ ಕಸ, ಅಂದರೆ ಮಾಸು, ಬೀಳುತ್ತದೆ. ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಆ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಮುದುಡದೆ ಮೆತ್ತಗೆ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಅರ್ಧ ಲೀಟರ್ ದಾಟಿದರೆ ಅದನ್ನು ಹೆರಿಗೆ ನಂತರದ ರಕ್ತಸ್ರಾವ ಎಂದು ಕರೆಯುವುದು ಬಹುಕಾಲದ ರೂಢಿ. ಮೊದಲೇ ರಕ್ತಹೀನತೆ ಇರುವ ಹೆಣ್ಣುಮಗಳಿಗೆ ಅರ್ಧ ಲೀಟರೂ ಹೆಚ್ಚೇ. ಜಗತ್ತಿನಲ್ಲಿ ಇದರಿಂದ ಪ್ರತಿವರ್ಷ ಹತ್ತಾರು ಸಾವಿರ ತಾಯಂದಿರು ತೀರಿಕೊಳ್ಳುತ್ತಾರೆ.

ನಮ್ಮ ರಾಜ್ಯದ ಲೆಕ್ಕ ಕೇಳಿ. 2001ರಿಂದ 2003ರ ನಡುವೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸುಮಾರು 230 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಹೊತ್ತಿಗೆ ಅದು 70ರ ಆಸುಪಾಸಿಗೆ ಇಳಿಯಿತು. ದೊಡ್ಡ ಇಳಿಕೆಯೇ. ಆಸ್ಪತ್ರೆ ಹೆರಿಗೆ ಹೆಚ್ಚಿತು, ಆಂಬುಲೆನ್ಸ್ ಬಂತು, ಆಶಾ ಕಾರ್ಯಕರ್ತೆಯರು ಬಂದರು. ಉಳಿದ ಸಾವುಗಳಲ್ಲಿ ರಕ್ತಸ್ರಾವದ ಪಾಲು ಇನ್ನೂ ಇದೆ.

ಇನ್ನು ಬೆಳಗಾವಿಗೆ ಬರೋಣ.

ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಲ್ಲಿ 1963ರಿಂದ ಇದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮುಂತಾದವರು ಒಂದು ಪ್ರಶ್ನೆ ಹಿಡಿದರು. ಅವರ ಜೊತೆಗೆ ಅಮೆರಿಕದ ಡಾ. ರಿಚರ್ಡ್ ಡರ್ಮನ್ ಇದ್ದರು. ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ವಿಭಾಗ, ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯ ಇವೂ ಕೈ ಜೋಡಿಸಿದ್ದವು.

ಪ್ರಶ್ನೆ ಸರಳವಾಗಿತ್ತು. ಗರ್ಭಕೋಶ ಮುದುಡಿಸಲು ಆಕ್ಸಿಟೋಸಿನ್ ಎಂಬ ಇಂಜೆಕ್ಷನ್ ಇದೆ. ಒಳ್ಳೆಯ ಔಷಧ. ಆದರೆ ಅದನ್ನು ತಂಪಿನಲ್ಲಿ ಇಡಬೇಕು. ಕರೆಂಟಿಲ್ಲದ ಉಪಕೇಂದ್ರದಲ್ಲಿ, ಮನೆಯ ಹೆರಿಗೆಯಲ್ಲಿ ಅದು ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಇತ್ತು. ಅಗ್ಗ. ಫ್ರಿಜ್ ಬೇಡ, ಸೂಜಿ ಬೇಡ. ಹಳ್ಳಿಯ ನರ್ಸಮ್ಮ ಅದನ್ನು ಕೊಟ್ಟರೆ ರಕ್ತಸ್ರಾವ ತಗ್ಗುತ್ತದೆಯೇ? ಇದು ಪ್ರಶ್ನೆ.

ತಗ್ಗಿತೋ ಇಲ್ಲವೋ ಎಂದು ತಿಳಿಯಲು ಅಳೆಯಬೇಕು. ಅಳೆಯುವುದು ಹೇಗೆ? ಆಗಿನ ದಾರಿಗಳು ಒಂದೆರಡು. ಒದ್ದೆಯಾದ ಬಟ್ಟೆ ಎಣಿಸುವುದು ಒಂದು. ತಾಂಜಾನಿಯಾದಲ್ಲಿ ಹೆಂಗಸರು ಉಡುವ ಕಾಂಗಾ ಎಂಬ ಬಟ್ಟೆಯಿದೆ. ಎರಡು ಕಾಂಗಾ ತೊಯ್ದರೆ ಅಪಾಯ ಎಂದು ಅಲ್ಲಿನ ಸೂಲಗಿತ್ತಿಯರಿಗೆ ಹೇಳಿಕೊಟ್ಟಿದ್ದರು. ಇನ್ನೊಂದು ದಾರಿ, ಕಣ್ಣಳತೆ. ನೆಲಕ್ಕೆ ಹರಿದದ್ದು, ಹಾಸಿಗೆ ಹೀರಿದ್ದು, ನೀರಿನ ಜೊತೆ ಬೆರೆತದ್ದು, ಇದನ್ನೆಲ್ಲ ಕಣ್ಣು ಹೇಗೆ ಕೂಡಿಸೀತು?

ಆಗ ಅವರು ಒಂದು ಹಾಳೆ ಮಾಡಿಸಿದರು. ಅದು ಹೇಗಿರುತ್ತದೆ ಎಂದು ವಿವರಿಸುತ್ತೇನೆ, ಕಲ್ಪಿಸಿಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಹಾಳೆ. ಮೇಲೆ ಅಗಲ, ಕೆಳಗೆ ಬರುತ್ತಾ ಕಿರಿದು. ತುದಿಯಲ್ಲಿ ಚೀಲ. ಮಗು ಹುಟ್ಟಿ, ಗರ್ಭದ ನೀರು ಹರಿದುಹೋದ ಮೇಲೆ ಹಾಳೆಯ ಅಗಲ ಭಾಗವನ್ನು ತಾಯಿಯ ಸೊಂಟದಡಿ ಸರಿಸುತ್ತಾರೆ. ಎರಡು ಪಟ್ಟಿಗಳನ್ನು ಸೊಂಟಕ್ಕೆ ಕಟ್ಟುತ್ತಾರೆ. ಚೀಲ ಮಂಚದಂಚಿನಿಂದ ಕೆಳಗೆ ಇಳಿಬೀಳುತ್ತದೆ. ರಕ್ತವೆಲ್ಲ ಇಳಿಜಾರಿಗೆ ಹರಿದು ಚೀಲ ಸೇರುತ್ತದೆ. ಚೀಲದ ಮೇಲೆ ಮಿಲಿಲೀಟರಿನ ಗೆರೆಗಳಿವೆ. ಬಗ್ಗಿ ನೋಡಿದರೆ ಸಾಕು, ಲೆಕ್ಕ ಸಿಗುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ, ಪಾಸ್‌ವರ್ಡ್ ಬೇಡ. ಇದಕ್ಕೆ ಅವರಿಟ್ಟ ಹೆಸರು ಬ್ರಾಸ್-ವಿ. ಮಾಡಿದವರ ಹೆಸರುಗಳ ಮೊದಲಕ್ಷರ ಪೋಣಿಸಿ ಆದ ಹೆಸರು.

ಹಾಳೆ ಸರಿಯಾಗಿ ಅಳೆಯುತ್ತದೆಯೇ ಎಂಬುದನ್ನೂ ಅವರು ಸುಮ್ಮನೆ ನಂಬಲಿಲ್ಲ. ಸುಮಾರು 120 ಹೆರಿಗೆಗಳಲ್ಲಿ ಪರೀಕ್ಷೆ ನಡೆಯಿತು. ಅರ್ಧದಷ್ಟು ತಾಯಂದಿರಿಗೆ ಕಣ್ಣಳತೆ, ಉಳಿದರ್ಧಕ್ಕೆ ಹಾಳೆಯ ಅಳತೆ. ಕಣ್ಣಳತೆ ಹಾಳೆಯ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ತೋರಿಸಿತು. ಲೆಕ್ಕ ಹಾಕಿ ನೋಡಿ. ಆರುನೂರು ಮಿಲಿಲೀಟರ್ ಹೋಗಿದ್ದರೆ ನಾನೂರು ಎಂದು ಬರೆಯುತ್ತಾರೆ. ಆರುನೂರು ಅಪಾಯ. ನಾನೂರು ಸಾಮಾನ್ಯ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ರಕ್ತಸ್ರಾವ ಕೊಲ್ಲುತ್ತದೆ. ಕಣ್ಣು ಅದನ್ನು ಕಡಿಮೆ ಎಣಿಸುತ್ತದೆ. ಬೆಳಗಾವಿಯಲ್ಲಿ ಅಳೆಯುವ ಹಾಳೆಯೊಂದು ಬಂತು. ಇನ್ನು ಆ ಹಾಳೆ ಯಾರ ಕೈಯಲ್ಲಿ ಏನು ಮಾಡಿತು ನೋಡೋಣ.

ಅದನ್ನು ಹಿಡಿದವರು ಎಎನ್‌ಎಂಗಳು. ನಮ್ಮ ಸರ್ಕಾರಿ ಭಾಷೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು. ಈಗೀಗ ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ. ಊರವರ ಬಾಯಲ್ಲಿ ಅಂದೂ ಇಂದೂ ನರ್ಸಮ್ಮನೇ. ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಇವರು ಮಾಡಿಸಿದ ಹೆರಿಗೆಗಳೇ ಅಧ್ಯಯನದ ಹೊಲ. 2002ರಲ್ಲಿ ಶುರುವಾಗಿ 2005ರ ಕೊನೆಗೆ ಮುಗಿಯಿತು. ಒಟ್ಟು 1,600ಕ್ಕೂ ಹೆಚ್ಚು ತಾಯಂದಿರು.

ಕೆಲಸ ಹೀಗೆ. ನರ್ಸಮ್ಮನಿಗೆ ಪೊಟ್ಟಣಗಳನ್ನು ಕೊಟ್ಟಿರುತ್ತಾರೆ. ಅರ್ಧದಷ್ಟರಲ್ಲಿ ನಿಜವಾದ ಗುಳಿಗೆ, ಅರ್ಧದಷ್ಟರಲ್ಲಿ ಹಾಗೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಯಾವುದರಲ್ಲಿ ಯಾವುದು ಎಂದು ಅವಳಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ಮಗು ಹುಟ್ಟಿದ ಕೂಡಲೇ ಗುಳಿಗೆ ನುಂಗಿಸಬೇಕು. ಹಾಳೆ ಕಟ್ಟಬೇಕು. ಒಂದು ಗಂಟೆ ಕಾದು ಗೆರೆ ನೋಡಿ ಬರೆಯಬೇಕು. ಕಂದೀಲು ಬೆಳಕಾದರೂ ಸರಿ, ಬ್ಯಾಟರಿ ಬೆಳಕಾದರೂ ಸರಿ.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಔಷಧವಿಲ್ಲದ ಗುಳಿಗೆ ತಿಂದವರಲ್ಲಿ ನೂರಕ್ಕೆ 12 ಮಂದಿಗೆ ರಕ್ತಸ್ರಾವ ಅರ್ಧ ಲೀಟರ್ ದಾಟಿತ್ತು. ನಿಜವಾದ ಗುಳಿಗೆ ತಿಂದವರಲ್ಲಿ ನೂರಕ್ಕೆ ಸುಮಾರು 6. ಹತ್ತಿರಹತ್ತಿರ ಅರ್ಧ. ಒಂದು ಲೀಟರ್ ದಾಟಿದ ಪ್ರಕರಣಗಳು ಸಾವಿರಕ್ಕೆ 12ರಿಂದ 2ಕ್ಕೆ ಇಳಿದವು. ಚಳಿನಡುಕ, ಜ್ವರ ಸ್ವಲ್ಪ ಹೆಚ್ಚಾದವು, ಆಮೇಲೆ ತಾವೇ ಇಳಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗಾಗಿ ಈ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಒದಗಿದ ಸಾಕ್ಷ್ಯಗಳಲ್ಲಿ ನಮ್ಮ ನರ್ಸಮ್ಮಂದಿರು ಬಗ್ಗಿ ನೋಡಿ ಬರೆದ ಅಂಕಿಗಳೂ ಇದ್ದವು.

ಇಲ್ಲೊಂದು ಮಾತು. ಆ ಲೇಖನದ ಲೇಖಕರ ಸಾಲಿನಲ್ಲಿ ವೈದ್ಯರಿದ್ದಾರೆ, ಸಂಶೋಧಕರಿದ್ದಾರೆ. ರಾತ್ರಿ ಹೊತ್ತು ಹಾಳೆ ಕಟ್ಟಿದವರು ಆ ಸಾಲಿನಲ್ಲಿಲ್ಲ. ಲೋಕದ ರೂಢಿ ಹಾಗಿದೆ, ಆ ರೂಢಿ ನನಗೆ ಒಪ್ಪಿಗೆಯಿಲ್ಲ.

ಈ ಕೆಲಸ ಒಬ್ಬರಿಂದ ಆಗುವಂಥದಾಗಿರಲಿಲ್ಲ ಎಂಬುದನ್ನು ಗಮನಿಸಿ. ಕಾಲೇಜು ಖಾಸಗಿ ಸಂಸ್ಥೆಯದು. ಎಎನ್‌ಎಂಗಳು ಸರ್ಕಾರಿ ನೌಕರರು. ಸರ್ಕಾರದ ಒಪ್ಪಿಗೆ ಬೇಕಿತ್ತು. ಆ ಕಾಲದಲ್ಲಿ ಮನೆ ಹೆರಿಗೆಯಲ್ಲಿ ಎಎನ್‌ಎಂ ಇಂಥ ಔಷಧ ಕೊಡುವ ಪದ್ಧತಿ ಇರಲಿಲ್ಲ. ಮಾಸು ತಾನಾಗಿ ಬೀಳಲಿ ಎಂದು ಕಾಯುವುದೇ ಪದ್ಧತಿ. ಅವಳ ಕೈಗೆ ಗುಳಿಗೆ ಕೊಡಬೇಕಾದರೆ ಮೇಲಿನವರು ಹೊಣೆ ಹೊರಬೇಕು. ಪ್ರಶ್ನೆ ಕಾಲೇಜಿನದು, ಅನುಮತಿ ಇಲಾಖೆಯದು, ಸಂಖ್ಯಾಶಾಸ್ತ್ರದ ನೆರವು ಹೊರದೇಶದ್ದು, ಕೈ ನರ್ಸಮ್ಮನದು. ಇದರಲ್ಲಿ ಯಾವ ಒಂದು ಇಲ್ಲದಿದ್ದರೂ ಹಾಳೆ ಯಾವುದೋ ಕಪಾಟಿನಲ್ಲಿ ಕೂತಿರುತ್ತಿತ್ತು.

ಸರಿ, ಹಾಳೆ ಬಂತು, ಅಳೆಯಿತು. ಹಾಗಾದರೆ ಎಲ್ಲ ಆಸ್ಪತ್ರೆಗೂ ಒಂದೊಂದು ಕಟ್ಟು ಹಾಳೆ ಕಳಿಸಿಬಿಟ್ಟರೆ ಆಯಿತಲ್ಲ? ಹಾಗೆ ಅನ್ನಿಸುವುದು ಸಹಜ. ಯುರೋಪಿನವರು ಅದನ್ನೇ ಪರೀಕ್ಷಿಸಿದರು.

ಅಲ್ಲಿ 13 ದೇಶಗಳ ಸುಮಾರು 80 ಹೆರಿಗೆ ಆಸ್ಪತ್ರೆಗಳು ಸೇರಿದವು. 25,000ಕ್ಕೂ ಹೆಚ್ಚು ಹೆರಿಗೆಗಳು. ಕೆಲವು ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹಿಸಿ ಅಳೆಯುವ ಚೀಲ ಬಳಸಿದರು. ಉಳಿದ ಕಡೆ ಎಂದಿನಂತೆ ಕಣ್ಣಳತೆ. ಫಲಿತಾಂಶ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ತೀವ್ರ ರಕ್ತಸ್ರಾವದ ಪ್ರಮಾಣ ಎರಡೂ ಕಡೆ ನೂರಕ್ಕೆ ಎರಡರ ಆಸುಪಾಸು. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಇದನ್ನು ಓದಿದ ಎಷ್ಟೋ ಮಂದಿ ಚೀಲದ ಆಸೆ ಬಿಟ್ಟಿರಬೇಕು. ನನಗೆ ಇದು ಇಡೀ ಕಥೆಯಲ್ಲೇ ಬೆಲೆಬಾಳುವ ಭಾಗ ಎನ್ನಿಸುತ್ತದೆ. ಚೀಲ ಅಳತೆ ಹೇಳಿತು. ಆದರೆ ಅಳತೆ ತಿಳಿದ ಮೇಲೆ ಯಾರು, ಎಷ್ಟು ಹೊತ್ತಿನಲ್ಲಿ, ಏನು ಮಾಡಬೇಕು ಎಂಬುದನ್ನು ಚೀಲದ ಜೊತೆ ಕಟ್ಟಿ ಕೊಟ್ಟಿರಲಿಲ್ಲ.

ಇದನ್ನು ಕಟ್ಟಿ ಕೊಟ್ಟದ್ದು ಆಫ್ರಿಕದಲ್ಲಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ, ಜೊತೆಗೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ, ತಾಂಜಾನಿಯಾಗಳ ಸಂಶೋಧಕರು. ಅಧ್ಯಯನದ ಹೆಸರು ಇ-ಮೋಟಿವ್. ನಾಲ್ಕೂ ದೇಶ ಸೇರಿ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರು. ಫಲಿತಾಂಶ 2023ರ ಮೇ ತಿಂಗಳಲ್ಲಿ ಹೊರಬಂತು.

ಒಂದು ಸೂಕ್ಷ್ಮ ಹೇಳುತ್ತೇನೆ, ಗಮನವಿಟ್ಟು ಕೇಳಿ. ಅಲ್ಲಿ ಎರಡೂ ಗುಂಪಿನ ಆಸ್ಪತ್ರೆಗಳಿಗೂ ಹಾಳೆ ಕೊಟ್ಟಿದ್ದರು. ಒಂದು ಗುಂಪಿನ ಹಾಳೆಯ ಮೇಲೆ ಗೆರೆಗಳಿದ್ದವು. ಇನ್ನೊಂದು ಗುಂಪಿನದು ಗೆರೆಯಿಲ್ಲದ ಬೋಳು ಹಾಳೆ. ಎರಡರಲ್ಲೂ ರಕ್ತ ಸೇರುತ್ತದೆ. ಬೋಳು ಹಾಳೆಯ ರಕ್ತವನ್ನು ಆಮೇಲೆ ತೂಗಿ ಲೆಕ್ಕ ಹಾಕುತ್ತಾರೆ. ಅದು ಸಂಶೋಧಕರಿಗೆ ಸಿಗುವ ಲೆಕ್ಕ. ಗೆರೆಯಿರುವ ಹಾಳೆಯಲ್ಲಿ ಮಾತ್ರ ಆ ಲೆಕ್ಕ ಮಂಚದ ಪಕ್ಕದಲ್ಲಿ ನಿಂತವಳಿಗೆ, ಆ ಕ್ಷಣದಲ್ಲೇ ಸಿಗುತ್ತದೆ.

ಗೆರೆ ಎರಡು ಮುಖ್ಯ. 300 ಮಿಲಿಲೀಟರಿಗೆ ಎಚ್ಚರಿಕೆಯ ಗೆರೆ. 500ಕ್ಕೆ ಕೆಲಸ ಶುರುಮಾಡುವ ಗೆರೆ. ಮೊದಲ ಒಂದು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು. 300 ದಾಟಿ ನಾಡಿ ಅಥವಾ ಬಿಪಿ ಏರುಪೇರಾಗಿದ್ದರೂ ಶುರುಮಾಡಬೇಕು. ಶುರುಮಾಡುವುದು ಏನನ್ನು? ಗರ್ಭಕೋಶವನ್ನು ಹೊಟ್ಟೆಯ ಮೇಲಿಂದ ನೀವುವುದು. ಅದನ್ನು ಬಿಗಿಯುವ ಔಷಧ ಕೊಡುವುದು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ, ರಕ್ತ ಹೆಪ್ಪುಗಟ್ಟಿದ್ದು ಕರಗದಂತೆ ನೋಡಿಕೊಳ್ಳುವ ಇಂಜೆಕ್ಷನ್. ಡ್ರಿಪ್. ಗಾಯವೇನಾದರೂ ಇದೆಯೇ ಎಂದು ಪರೀಕ್ಷೆ, ನಿಲ್ಲದಿದ್ದರೆ ದೊಡ್ಡವರನ್ನು ಕರೆಯುವುದು. ಹಿಂದೆ ಇದನ್ನೆಲ್ಲ ಒಂದು ಮಾಡಿ, ಕಾದು, ಫಲಿಸದಿದ್ದರೆ ಇನ್ನೊಂದು ಎಂದು ಮಾಡುತ್ತಿದ್ದರು. ಇಲ್ಲಿ ಎಲ್ಲವನ್ನೂ ಒಟ್ಟಿಗೇ, ಕೂಡಲೇ ಮಾಡಬೇಕು.

ಫಲಿತಾಂಶ ಹೀಗಿದೆ. ಬೋಳು ಹಾಳೆಯ ಆಸ್ಪತ್ರೆಗಳಲ್ಲಿ ರಕ್ತಸ್ರಾವ ಆದವರಲ್ಲಿ ಅರ್ಧದಷ್ಟು ಮಂದಿಯದು ಮಾತ್ರ ಗೊತ್ತಾಯಿತು. ಉಳಿದರ್ಧ ಯಾರ ಗಮನಕ್ಕೂ ಬರಲಿಲ್ಲ. ಗೆರೆ ಹಾಳೆಯ ಕಡೆ ನೂರಕ್ಕೆ 93 ಗೊತ್ತಾಯಿತು. ಪೂರ್ತಿ ಚಿಕಿತ್ಸೆ ಸಿಕ್ಕಿದ್ದು ಒಂದು ಕಡೆ ನೂರಕ್ಕೆ 19 ಮಂದಿಗೆ, ಇನ್ನೊಂದು ಕಡೆ 91 ಮಂದಿಗೆ. ಒಂದು ಲೀಟರ್ ದಾಟುವುದು, ರಕ್ತ ನಿಲ್ಲಿಸಲು ಹೊಟ್ಟೆ ಕೊಯ್ಯಬೇಕಾಗುವುದು, ರಕ್ತ ಹೋಗಿ ಸಾಯುವುದು, ಈ ಮೂರನ್ನೂ ಸೇರಿಸಿ ನೋಡಿದರೆ ಅಪಾಯ ನೂರಕ್ಕೆ 60ರಷ್ಟು ತಗ್ಗಿತು. ಸಾವನ್ನೇ ಬೇರೆ ತೆಗೆದು ನೋಡಿದರೆ ಸಂಖ್ಯೆ ಸಣ್ಣದು, ಅದರಿಂದ ಗಟ್ಟಿಯಾಗಿ ಏನೂ ಹೇಳಲಾಗದು. ಇಷ್ಟು ನಿಷ್ಠುರವಾಗಿ ಹೇಳಿದರೇ ಸಾಕ್ಷ್ಯಕ್ಕೆ ಬೆಲೆ.

ಮತ್ತೊಮ್ಮೆ ಕೂಡಿಸಿಕೊಳ್ಳೋಣ. ಬೆಳಗಾವಿಯಲ್ಲಿ ಹಾಳೆ ಅಳೆಯಿತು. ಯುರೋಪಿನಲ್ಲಿ ಬರೀ ಚೀಲ ಕೊಟ್ಟರು, ಪ್ರಯೋಜನ ಕಾಣಲಿಲ್ಲ. ಆಫ್ರಿಕದಲ್ಲಿ ಹಾಳೆಯ ಜೊತೆಗೆ ಮಾಡಬೇಕಾದ ಕೆಲಸವನ್ನೂ ಕೊಟ್ಟರು, ಪ್ರಯೋಜನವಾಯಿತು. ಹಾಗಾದರೆ ಆಫ್ರಿಕದ ಆಸ್ಪತ್ರೆಯ ಯಜಮಾನರು ಹೊಸದಾಗಿ ಏನು ಮಾಡಿದರು?

ಕೇಳಿದರೆ ನಗು ಬರುವಷ್ಟು ಸಣ್ಣ ಕೆಲಸಗಳು. ಒಂದು ಟ್ರಾಲಿ. ಅಥವಾ ಕೈಯಲ್ಲಿ ಹಿಡಿದೊಯ್ಯುವ ಪೆಟ್ಟಿಗೆ. ಬೇಕಾದ ಔಷಧ, ಡ್ರಿಪ್ಪಿನ ಸಾಮಾನು ಎಲ್ಲ ಅದರೊಳಗೆ. ಆಯಾ ಆಸ್ಪತ್ರೆಯಲ್ಲೇ ತರಬೇತಿ. ನರ್ಸ್‌ಗಳ ನಡುವೆ, ವೈದ್ಯರ ನಡುವೆ ಮುಂದಾಳತ್ವ ವಹಿಸುವವರು. ಎಷ್ಟು ಪ್ರಕರಣ ಗುರುತಾದವು, ಎಷ್ಟಕ್ಕೆ ಪೂರ್ತಿ ಚಿಕಿತ್ಸೆ ಸಿಕ್ಕಿತು ಎಂಬ ಲೆಕ್ಕ ಅವರಿಗೇ ವಾಪಸು.

ಈ ಪೆಟ್ಟಿಗೆಯ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ತುರ್ತು ಔಷಧ ಇರುತ್ತದೆ. ಬೀರುವಿನಲ್ಲಿರುತ್ತದೆ. ಬೀರುವಿಗೆ ಬೀಗ ಇರುತ್ತದೆ. ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್ ಬಳಿ ಇರುತ್ತದೆ. ಇನ್‌ಚಾರ್ಜ್ ಸಿಸ್ಟರ್ ಹಗಲು ಪಾಳಿಯಲ್ಲಿರುತ್ತಾರೆ. ರಾತ್ರಿ ಎರಡಕ್ಕೆ ರಕ್ತ ಹರಿಯುತ್ತದೆ. ಬೀಗ ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧ. ಒಂದು ಇಂಜೆಕ್ಷನ್ ಲೆಕ್ಕ ತಪ್ಪಿದರೆ ಸಿಸ್ಟರ್ ಕೈಯಿಂದ ಬರೆಸಿಕೊಳ್ಳುತ್ತಾರೆ. ಆಡಿಟ್ ಬಂದಾಗ ನಿಲ್ಲಿಸಿ ಕೇಳುತ್ತಾರೆ. ಹಾಗಾಗಿ ಬೀಗ. ಸಾಕ್ಷ್ಯಾಧಾರಿತ ಶುಶ್ರೂಷೆ ಎಂದು ಎಷ್ಟು ಕಾರ್ಯಾಗಾರ ನಡೆಸಿದರೂ ಆ ಬೀಗವನ್ನು ನರ್ಸ್ ತೆಗೆಯಲಾರಳು. ಅದನ್ನು ತೆಗೆಯಿಸಬಲ್ಲವರು ಸೂಪರಿಂಟೆಂಡೆಂಟರು.

ಇನ್ನೊಂದು ಬೀಗವಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ವೈದ್ಯರು ಫೋನಿನಲ್ಲಿ ಸಿಗುವವರೆಗೆ ಕಾಯಬೇಕೇ, ಇಲ್ಲಾ ಗೆರೆ ದಾಟಿದ ಕೂಡಲೇ ನರ್ಸ್ ತಾನೇ ಡ್ರಿಪ್ ಹಾಕಿ ಔಷಧ ಕೊಡಬಹುದೇ? ಮೊದಲೇ ಸಹಿ ಮಾಡಿಟ್ಟ ಸ್ಟ್ಯಾಂಡಿಂಗ್ ಆರ್ಡರ್ ಗೋಡೆಯ ಮೇಲಿದ್ದರೆ ಅವಳು ಕಾಯುವುದಿಲ್ಲ. ಇಲ್ಲದಿದ್ದರೆ ಕಾಯುತ್ತಾಳೆ. ಅವಳ ಕೆಲಸ ಹೋಗುವ ಭಯ ಅವಳಿಗಿದೆ, ಅದನ್ನು ತಪ್ಪೆನ್ನಲಾರೆ. ಆ ಒಂದು ಪುಟದ ಸಹಿಗೆ ಖರ್ಚು ಏನೂ ಇಲ್ಲ.

ಇದು ಆಫ್ರಿಕದ ಮಾತಾಯಿತು. ನಮ್ಮಲ್ಲಿ ಇಂಥ ಪ್ರಯತ್ನ ಆಗಿಲ್ಲವೇ? ಆಗಿದೆ. ಎರಡು ಹೇಳುತ್ತೇನೆ. ಒಂದು ನಮ್ಮದೇ ರಾಜ್ಯದ್ದು.

ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳು. 2012, 2013ರ ಸುಮಾರು. ಸುಕ್ಷೇಮ ಎಂಬ ಯೋಜನೆ. ಆರೋಗ್ಯ ಇಲಾಖೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಕೂಡಿ ಮಾಡಿದ್ದು. ಸುಮಾರು 50 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ನರ್ಸ್ ಮೆಂಟರ್‌ಗಳು ಹೋಗುತ್ತಿದ್ದರು. ಅಷ್ಟೇ ಸಂಖ್ಯೆಯ ಇತರ ಕೇಂದ್ರಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಮೆಂಟರ್ ಎಂದರೆ ತಪಾಸಣೆಗೆ ಬರುವ ಅಧಿಕಾರಿಯಲ್ಲ. ಅವಳೂ ನರ್ಸೇ. ಹೆರಿಗೆ ಕೋಣೆಯೊಳಗೆ ಜೊತೆಗೆ ನಿಂತು ತೋರಿಸಿಕೊಡುತ್ತಾಳೆ. ಔಷಧ ಎಲ್ಲಿದೆ, ಏನಿಲ್ಲ ಎಂದು ಕೇಂದ್ರದವರ ಜೊತೆಯೇ ಕೂತು ಪಟ್ಟಿ ಮಾಡಿಸುತ್ತಾಳೆ. ಕೇಸ್ ಶೀಟನ್ನೂ ಹೊಸದಾಗಿ ಮಾಡಿದ್ದರು. ತುಂಬುತ್ತಾ ಹೋದರೆ ಮುಂದೇನು ಮಾಡಬೇಕು ಎಂದು ಶೀಟೇ ಹೇಳುತ್ತಿತ್ತು. ಮೆಂಟರ್ ಹೋದ ಕೇಂದ್ರಗಳಲ್ಲಿ ಸಿದ್ಧತೆ ಸುಧಾರಿಸಿತು, ನರ್ಸ್‌ಗಳ ತಿಳಿವಳಿಕೆ ಹೆಚ್ಚಿತು. ಕಾಗದದ ಕೇಸ್ ಶೀಟು ಕೂಡ ತಂತ್ರಜ್ಞಾನವೇ. ಹಾಗೆ ಅನ್ನುವಾಗ ನನ್ನ ವಿದ್ಯಾರ್ಥಿಗಳು ನಗುತ್ತಾರೆ, ನಗಲಿ.

ಎರಡನೆಯದು ಉತ್ತರ ಪ್ರದೇಶದ್ದು. ಅಲ್ಲಿ 120 ಹೆರಿಗೆ ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು, ಅಂದರೆ ಹೆರಿಗೆಯ ಹೊತ್ತಿನಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು, ಪರೀಕ್ಷಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ನಂಟಿರುವ ಅರಿಯಾಡ್ನೆ ಲ್ಯಾಬ್ಸ್ ಮುಂದಾಳು. ನಮ್ಮ ಬೆಳಗಾವಿಯ ಕಾಲೇಜೂ ಪಾಲುದಾರ. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಇಲ್ಲೂ ನರ್ಸ್‌ಗಳೇ ಬಂದು ಎಂಟು ತಿಂಗಳು ಹೇಳಿಕೊಟ್ಟರು. ಎರಡು ತಿಂಗಳಿಗೆ ನೋಡಿದಾಗ ಮಾಡಬೇಕಾದ ಕೆಲಸಗಳಲ್ಲಿ ನೂರಕ್ಕೆ 73 ಆಗುತ್ತಿದ್ದವು. ಹೋಲಿಕೆಯ ಕೇಂದ್ರಗಳಲ್ಲಿ 42. ಹೇಳಿಕೊಡುವವರು ಹೋದ ಮೇಲೆ, ವರ್ಷದ ಕೊನೆಗೆ, 73 ಇದ್ದದ್ದು 62ಕ್ಕೆ ಇಳಿಯಿತು. ತಾಯಿ, ಮಗುವಿನ ಸಾವುನೋವಿನಲ್ಲಿ ವ್ಯತ್ಯಾಸವಾಗಲಿಲ್ಲ. 2017ರಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಹೊರಗಿನವರು ಬಂದು ಎತ್ತಿ ಹಿಡಿದದ್ದನ್ನು ಒಳಗಿನವರು ಹಿಡಿದುಕೊಳ್ಳದಿದ್ದರೆ ಅದು ಕೈಜಾರುತ್ತದೆ. ಇದು ನನ್ನ ಓದು. ಬೇರೆ ಓದೂ ಇರಬಹುದು. ಪಟ್ಟಿ ಇದ್ದರೂ ರಕ್ತನಿಧಿ, ಆಪರೇಷನ್ ಸೌಲಭ್ಯ ಹತ್ತಿರದಲ್ಲಿಲ್ಲದಿದ್ದರೆ ನರ್ಸ್ ಒಬ್ಬಳೇ ಏನು ಮಾಡಿಯಾಳು?

ಇನ್ನು ಕಂಪ್ಯೂಟರು, ಟ್ಯಾಬ್ಲೆಟ್ಟುಗಳ ಮಾತು. ಅದನ್ನು ಬೇಗ ಮುಗಿಸುತ್ತೇನೆ. ಎಎನ್‌ಎಂಗಳ ಕೈಗೆ ಟ್ಯಾಬ್ಲೆಟ್ ಬಂದಿದೆ. ಆರ್‌ಸಿಎಚ್ ಪೋರ್ಟಲ್ ಇದೆ, ಅನ್‌ಮೋಲ್ ಆ್ಯಪ್ ಇದೆ. ಒಳ್ಳೆಯದೇ. ಆದರೆ ರಿಜಿಸ್ಟರಿನಲ್ಲೂ ಬರೆ, ಟ್ಯಾಬಿನಲ್ಲೂ ತುಂಬು ಎಂದಾಗ ಕೆಲಸ ಎರಡಾಯಿತು. ತುಂಬಿದ ಅಂಕಿ ಬೆಂಗಳೂರಿಗೆ, ದೆಹಲಿಗೆ ಹೋಗುತ್ತದೆ. ತುಂಬಿದವಳಿಗೆ ಏನು ತಿರುಗಿ ಬರುತ್ತದೆ? ಬಾಕಿ ಎಷ್ಟು ಉಳಿದಿದೆ ಎಂಬ ಸಂದೇಶ. ಬೋಳು ಹಾಳೆ, ಗೆರೆ ಹಾಳೆಯ ವ್ಯತ್ಯಾಸ ಇಲ್ಲೂ ಅದೇ. ಕೊಳ್ಳುವ ಮುಂಚೆ ಆಡಳಿತದವರು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ತುಂಬುವವಳಿಗೆ, ಅವಳು ಮಂಚದ ಪಕ್ಕದಲ್ಲಿರುವಾಗಲೇ, ಏನಾದರೂ ಹೇಳುತ್ತದೆಯೇ?

ಕಾಲೇಜುಗಳ ವಿಷಯ ಬಾಕಿ ಇದೆ. ನಾನು ನಮ್ಮ ಮನೆಯನ್ನೇ ಮೊದಲು ಬೈಯಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಿಂದ ಇದೆ. ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳ ಶೀರ್ಷಿಕೆ ತೆಗೆದು ನೋಡಿ. ಇಂಥ ವಿಷಯದ ಬಗ್ಗೆ ಇಂಥವರ ಅರಿವಿನ ಮಟ್ಟ, ಅದರ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ. ಪಾಠ ಮಾಡುವ ಮುಂಚೆ ಪ್ರಶ್ನೆಪತ್ರಿಕೆ, ಪಾಠ ಆದ ಮೇಲೆ ಅದೇ ಪ್ರಶ್ನೆಪತ್ರಿಕೆ. ಅಂಕ ಹೆಚ್ಚಾಗಿಯೇ ಆಗುತ್ತದೆ, ಆಗದೆ ಏನು. ಹಾಳೆಯ ಮೇಲಿನ ಗೆರೆಯನ್ನು ರಾತ್ರಿ ಪಾಳಿಯಲ್ಲಿ ಎಷ್ಟು ಸಲ ನೋಡಲು ಸಾಧ್ಯವಾಗುತ್ತಿದೆ? ಪೆಟ್ಟಿಗೆಯಲ್ಲಿ ಯಾವ ಸಾಮಾನು ಮೊದಲು ಖಾಲಿಯಾಗುತ್ತದೆ? ಇವು ಪ್ರಬಂಧದ ವಿಷಯಗಳಲ್ಲವೇ? ಪಕ್ಕದ ಜಿಲ್ಲಾಸ್ಪತ್ರೆಯ ನರ್ಸಿಂಗ್ ಅಧೀಕ್ಷಕರು ವರ್ಷಕ್ಕೆ ನಾಲ್ಕು ಪ್ರಶ್ನೆ ಕೊಡಲಿ. ಕಾಲೇಜಿನ ಹುಡುಗಿಯರು ಅದಕ್ಕೆ ಉತ್ತರ ಹುಡುಕಲಿ. ಸಿಕ್ಕ ಉತ್ತರ ಅದೇ ವಾರ್ಡಿನ ಗೋಡೆಗೆ ಅಂಟಲಿ. ಇದಕ್ಕೆ ವಿದೇಶದ ವಿಶ್ವವಿದ್ಯಾಲಯವೂ ಬೇಕಿಲ್ಲ.

ಕೊನೆಯದಾಗಿ ಒಂದು ಹೊಸ ಸುದ್ದಿ. 2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸ್ತ್ರೀರೋಗ ತಜ್ಞರ ಮತ್ತು ಸೂಲಗಿತ್ತಿಯರ ಅಂತರರಾಷ್ಟ್ರೀಯ ಒಕ್ಕೂಟಗಳ ಜೊತೆ ಸೇರಿ ಹೊಸ ಮಾರ್ಗಸೂಚಿ ಹೊರಡಿಸಿತು. ಗೆರೆಯಿರುವ ಹಾಳೆಯಲ್ಲೇ ಅಳೆಯಿರಿ ಎಂದು ಅದು ಹೇಳುತ್ತದೆ. ಅರ್ಧ ಲೀಟರ್ ಆಗಲಿ ಎಂದು ಕಾಯಬೇಡಿ, 300 ಮಿಲಿಲೀಟರ್ ಆಗಿ ನಾಡಿ ಅಥವಾ ಬಿಪಿ ಏರುಪೇರಾದರೆ ಆಗಲೇ ಚಿಕಿತ್ಸೆ ಶುರುಮಾಡಿ ಎನ್ನುತ್ತದೆ.

ಹಾಗೆ ಮಾಡಬೇಕಾದರೆ ಪ್ರತಿ ತಾಯಿಯನ್ನೂ ಮೊದಲ ಗಂಟೆಯಲ್ಲಿ ನಾಲ್ಕು ಸಲ ನೋಡಬೇಕು. ಗೆರೆ, ನಾಡಿ, ಬಿಪಿ, ಗರ್ಭಕೋಶ ಗಟ್ಟಿಯಾಗಿದೆಯೇ ಎಂಬುದು. ರಾತ್ರಿ ಪಾಳಿಯಲ್ಲಿ ಹತ್ತಿರಹತ್ತಿರ ಒಂದೇ ಹೊತ್ತಿಗೆ ಮೂರು ಹೆರಿಗೆಯಾದವು ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಹನ್ನೆರಡು ಸಲ ನೋಡಬೇಕು, ಹನ್ನೆರಡು ಸಲ ಬರೆಯಬೇಕು. ನಡುವೆ ಮೂರು ಶಿಶುಗಳಿವೆ. ಬಾಗಿಲಲ್ಲಿ ನಾಲ್ಕನೆಯ ಗರ್ಭಿಣಿ ಆಟೋದಿಂದ ಇಳಿಯುತ್ತಿದ್ದಾಳೆ. ಪಾಳಿಯಲ್ಲಿ ಇರುವ ನರ್ಸ್ ಎಷ್ಟು ಮಂದಿ? ಬಹಳ ಕಡೆ ಒಬ್ಬಳು. ಹಾಳೆಯ ಇಂಡೆಂಟಿಗೆ ಸಹಿ ಹಾಕುವ ಅಧಿಕಾರಿಗಳು ಅದೇ ಕೂತಲ್ಲೇ ಆ ರಾತ್ರಿಯ ಡ್ಯೂಟಿ ಪಟ್ಟಿಯನ್ನೂ ತರಿಸಿ, ಈ ಹನ್ನೆರಡರ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.